ಮಳೆಯ ಸಂಶಯವೂ ರೈತನ ನಿರ್ಧಾರವೂ

ಜೂನ್ ತಿಂಗಳ ಕೊನೆಯ ವಾರ. ತುಮಕೂರು ಜಿಲ್ಲೆಯ ಉತ್ತರದ ತುದಿಯಲ್ಲಿ, ಮೂರು ಕಡೆಗಳಲ್ಲಿಯೂ ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದಿರುವ ಪಾವಗಡದ ಸೀಮೆಯಲ್ಲಿ ಹಿಂದಿನ ರಾತ್ರಿ ಒಂದು ಹದಮಳೆಯಾಗಿದೆ. ರೈತನು ಬೆಳಗಾಗುತ್ತಲೇ ಹೊಲಕ್ಕೆ ಹೋಗಿ ಕೆಮ್ಮಣ್ಣನ್ನು ಕೈಯಿಂದ ಕೆದಕಿ ನೋಡುತ್ತಾನೆ. ತೇವವು ಒಂದು ಗೇಣು ಇಳಿದಿದೆ. ಮನೆಯಲ್ಲಿ ಬಿತ್ತನೆಯ ಶೇಂಗಾ ಸಿದ್ಧವಾಗಿದೆ. ಈ ಮಣ್ಣು ತೇವವನ್ನು ಹೆಚ್ಚು ಕಾಲ ಹಿಡಿದಿಡಲಾರದು. ಮೂರು ನಾಲ್ಕು ದಿನಗಳೊಳಗೆ ಬೀಜ ನೆಲಕ್ಕೆ ಬೀಳದಿದ್ದರೆ ಮೇಲ್ಮಣ್ಣು ಒಣಗಿಹೋಗುತ್ತದೆ. ಈಗ ಬಿತ್ತಬೇಕೆ, ಇಲ್ಲವೆ ಇನ್ನೊಂದು ಮಳೆಗಾಗಿ ಕಾಯಬೇಕೆ?

ಬಿತ್ತಿದ ಮೇಲೆ ಇಪ್ಪತ್ತು ದಿನ ಮಳೆ ಬಾರದೆ ಹೋದರೆ ಮೊಳಕೆ ಸುಟ್ಟುಹೋದೀತು. ಬಿತ್ತದೆ ಕುಳಿತರೆ ಇಂಥ ಹದ ಮತ್ತೆ ದೊರೆಯದೆಯೇ ಹೋದೀತು. ಶೇಂಗಾ ಬಿತ್ತನೆಗೆ ಎಕರೆಗೆ ಸುಮಾರು 40 ಕಿಲೋಗ್ರಾಂ ಕಾಳು ಬೇಕು. ರಾಗಿಗಾದರೆ ಐದಾರು ಕಿಲೋಗ್ರಾಂ ಸಾಕು. ಕೆಟ್ಟರೆ ಮತ್ತೊಮ್ಮೆ ಬಿತ್ತಬಹುದು. ಶೇಂಗಾ ಬೀಜವನ್ನು ಎರಡನೆಯ ಸಲ ಕೊಳ್ಳುವುದೆಂದರೆ ಬಹುಮಂದಿಗೆ ಸಾಲವನ್ನು ಎರಡನೆಯ ಸಲ ಎತ್ತುವುದೆಂದೇ ಅರ್ಥ.

ಈ ರೈತನು ಆ ಬೆಳಗ್ಗೆ ಮಾಡುವ ನಿರ್ಧಾರವನ್ನು ನಾವು ಸಾಮಾನ್ಯವಾಗಿ ಎರಡು ರೀತಿಯಲ್ಲಿ ವಿವರಿಸುತ್ತೇವೆ. ‘ಅನುಭವದ ಮಾತು, ಅದು ತಪ್ಪುವುದಿಲ್ಲ’ ಎನ್ನುವವರು ಕೆಲವರು. ‘ಹಳೆಯ ರೂಢಿ, ಅದಕ್ಕೆ ಲೆಕ್ಕವಿಲ್ಲ’ ಎನ್ನುವವರು ಕೆಲವರು. ಎರಡೂ ಪೂರ್ತಿ ನಿಜವಲ್ಲ. ಕಾಣದ ನಾಳೆಯನ್ನು ಮನುಷ್ಯನು ಹೇಗೆ ಅಳೆಯುತ್ತಾನೆ, ಅಳೆದು ಹೇಗೆ ಹೆಜ್ಜೆಯಿಡುತ್ತಾನೆ ಎಂಬುದನ್ನು ಹವಾಮಾನಶಾಸ್ತ್ರ, ಗಣಿತ, ಅರ್ಥಶಾಸ್ತ್ರ, ಮನಶ್ಶಾಸ್ತ್ರಗಳು ಕೂಡಿ ಈಚಿನ ಐವತ್ತು ವರ್ಷಗಳಲ್ಲಿ ಬಹಳಷ್ಟು ಶೋಧಿಸಿವೆ. ಆ ಶೋಧನೆಯ ಮುಖ್ಯಾಂಶಗಳನ್ನು ಇಲ್ಲಿ ನೋಡೋಣ.

ಸರಾಸರಿ ಮಳೆಯ ಮರೆಯಲ್ಲಿ

ನೈಋತ್ಯ ಮಾರುತಗಳು ಅರಬ್ಬೀ ಸಮುದ್ರದಿಂದ ತಂದ ನೀರಿನ ಬಹುಭಾಗವನ್ನು ಪಶ್ಚಿಮಘಟ್ಟಗಳ ಮೇಲೆಯೇ ಸುರಿಸಿಬಿಡುತ್ತವೆ. ಘಟ್ಟದ ಪೂರ್ವಕ್ಕಿರುವ ಪಾವಗಡ, ಚಳ್ಳಕೆರೆ, ಅನಂತಪುರದ ಸೀಮೆಗಳು ಈ ಮಳೆಯ ನೆರಳಿನಲ್ಲಿವೆ. ಇಲ್ಲಿ ವರ್ಷದ ಸರಾಸರಿ ಮಳೆ 55 ಸೆಂಟಿಮೀಟರಿನ ಆಸುಪಾಸಿನದು. ಮೇ–ಜೂನ್‌ನಲ್ಲಿ ಸ್ವಲ್ಪ ಮಳೆ. ನಡುವೆ ಬಿಟ್ಟುಬಿಟ್ಟು ಬರುವ ತುಂತುರು. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮುಖ್ಯ ಮಳೆ. ಇದು ಇಲ್ಲಿಯ ವಾಡಿಕೆ.

ಆದರೆ ‘ಸರಾಸರಿ’ ಎಂಬುದು ಒಂದು ಲೆಕ್ಕದ ಸಂಖ್ಯೆ. ಯಾವ ವರ್ಷವೂ ಅದನ್ನು ಪಾಲಿಸಬೇಕೆಂಬ ನಿಯಮವಿಲ್ಲ. ಎರಡು ವರ್ಷಗಳಲ್ಲಿ ಒಟ್ಟು ಮಳೆ ಒಂದೇ ಸಮನಾಗಿದ್ದರೂ ಒಂದು ವರ್ಷ ಅದು ಹತ್ತು ದಿನಗಳಿಗೊಮ್ಮೆ ಹದವಾಗಿ ಬಂದಿರಬಹುದು. ಇನ್ನೊಂದು ವರ್ಷ ನಾಲ್ಕು ಜಡಿಮಳೆಗಳಲ್ಲಿ ಮುಗಿದು, ನಡುವೆ ನಲವತ್ತು ದಿನ ಆಕಾಶ ಬಿಳಿದಾಗಿದ್ದಿರಬಹುದು. ಮಳೆಯಳತೆಯ ಪುಸ್ತಕದಲ್ಲಿ ಎರಡೂ ಒಂದೇ. ಹೊಲದಲ್ಲಿ ಒಂದು ಸುಗ್ಗಿ, ಇನ್ನೊಂದು ಬರ.

ದೇಶದ ಒಟ್ಟು ಲೆಕ್ಕವೂ ಹೀಗೆಯೇ. 1971ರಿಂದ 2020ರವರೆಗಿನ ಐವತ್ತು ವರ್ಷಗಳ ಪ್ರಕಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರತದ ಸರಾಸರಿ ಮಳೆ ಸುಮಾರು 87 ಸೆಂಟಿಮೀಟರ್. ಇದರಲ್ಲಿ ನೂರಕ್ಕೆ ಹತ್ತರಷ್ಟು ಕಡಮೆಯಾದರೂ ಅದು ಕೊರತೆಯ ವರ್ಷವೆನಿಸುತ್ತದೆ. 2002ರಲ್ಲಿ ನೂರಕ್ಕೆ 19ರಷ್ಟೂ 2009ರಲ್ಲಿ ನೂರಕ್ಕೆ 22ರಷ್ಟೂ ಕಡಮೆಯಾಯಿತು. 2023ರ ಆಗಸ್ಟ್ ತಿಂಗಳು 1901ರಿಂದೀಚಿನ ಆಗಸ್ಟ್‌ಗಳಲ್ಲೆಲ್ಲ ಅತ್ಯಂತ ಒಣ ತಿಂಗಳಾಯಿತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು.

ನಕ್ಷತ್ರಗಳ ಪಂಚಾಂಗ

ನಮ್ಮ ರೈತರು ಮಳೆಗಾಲವನ್ನು ತಿಂಗಳುಗಳಿಂದಲ್ಲದೆ ನಕ್ಷತ್ರಗಳಿಂದ ಎಣಿಸುತ್ತ ಬಂದಿದ್ದಾರೆ. ಸೂರ್ಯನು ವರ್ಷವೊಂದರಲ್ಲಿ 27 ನಕ್ಷತ್ರಗಳನ್ನು ದಾಟುವಂತೆ ತೋರುವುದರಿಂದ ಒಂದೊಂದು ನಕ್ಷತ್ರಕ್ಕೆ ಸುಮಾರು ಹದಿಮೂರೂವರೆ ದಿನಗಳು ಬರುತ್ತವೆ. ಈಗ ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ 22ರ ವೇಳೆಗೆ ಆರಿದ್ರಾ, ಆಗಸ್ಟ್ ಮೊದಲಿಗೆ ಆಶ್ಲೇಷ, ಸೆಪ್ಟೆಂಬರ್ ಕೊನೆಗೆ ಹಸ್ತ ಆರಂಭವಾಗುತ್ತವೆ. ಪ್ರತಿಯೊಂದು ಮಳೆಗೂ ಒಂದೊಂದು ಗಾದೆಯುಂಟು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬುದನ್ನು ಕೇಳದವರಾರು?

ಇದನ್ನು ನಗುವುದು ಸುಲಭ. ಆದರೆ ಒಂದು ಕ್ಷಣ ಯೋಚಿಸಿರಿ. ಮಳೆಯನ್ನು ಹದಿನಾಲ್ಕು ದಿನಗಳ ತುಂಡುಗಳಾಗಿ ವಿಂಗಡಿಸಿ, ಯಾವ ತುಂಡಿನಲ್ಲಿ ಬಂದ ಮಳೆ ಯಾವ ಬೆಳೆಗೆ ಅನುಕೂಲವೆಂದು ತಲೆಮಾರುಗಳ ಕಾಲ ನೆನಪಿನಲ್ಲಿಟ್ಟುಕೊಳ್ಳುವುದು ಅಂಕಿಸಂಖ್ಯಾಶಾಸ್ತ್ರದ ಕೆಲಸವೇ. ಬರಹಬಾರದ ಜನ ಬರೆಯದೆ ಇಟ್ಟುಕೊಂಡ ಕೋಷ್ಟಕಗಳು ಈ ಗಾದೆಗಳು.

ಆದರೆ ಈ ಕೋಷ್ಟಕಕ್ಕೆ ಒಂದು ಸೂಕ್ಷ್ಮದೋಷವೂ ಉಂಟು. ವಿದ್ಯಾರ್ಥಿಗಳು ಅದನ್ನು ತಾವೇ ಲೆಕ್ಕಮಾಡಬಹುದು. ಸೂರ್ಯನು ಅದೇ ನಕ್ಷತ್ರಕ್ಕೆ ಹಿಂದಿರುಗಲು ಹಿಡಿಯುವ ಕಾಲವು ಋತುಗಳು ಹಿಂದಿರುಗುವ ಕಾಲಕ್ಕಿಂತ ಸುಮಾರು 20 ನಿಮಿಷ ಹೆಚ್ಚು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ತಿರುಗುವುದೇ ಇದಕ್ಕೆ ಕಾರಣ. ವರ್ಷಕ್ಕೆ 20 ನಿಮಿಷವೆಂದರೆ ಸುಮಾರು 71 ವರ್ಷಗಳಿಗೆ ಒಂದು ದಿನ. ಸಾವಿರ ವರ್ಷಗಳಿಗೆ 14 ದಿನ, ಎಂದರೆ ಒಂದು ಪೂರ್ಣ ನಕ್ಷತ್ರ. ಸಾವಿರ ವರ್ಷಗಳ ಹಿಂದೆ ಒಂದು ನಕ್ಷತ್ರದ ಹೆಸರಿನಲ್ಲಿ ಹುಟ್ಟಿದ ಗಾದೆಯಿದ್ದರೆ, ಅದು ಹೇಳುವ ಋತು ಇಂದು ಅದರ ಹಿಂದಿನ ನಕ್ಷತ್ರದಲ್ಲಿರಬೇಕು! ಅನುಭವವು ಅಮೂಲ್ಯ, ಆದರೆ ಅದರ ಕೆಳಗಿನ ನೆಲವೂ ಚಲಿಸುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಗಣಕಯಂತ್ರವೂ ಹೊಲದ ಬುದ್ಧಿಯೂ

1970ರ ದಶಕದಿಂದೀಚೆಗೆ ಪಾವಗಡ–ಅನಂತಪುರದ ಸೀಮೆಯಲ್ಲಿ ನವಣೆ, ಸಜ್ಜೆ, ಹುರುಳಿ ಮುಂತಾದ ಹಳೆಯ ಬೆಳೆಗಳು ಹಿಂದೆ ಸರಿದು ಶೇಂಗಾ ಹೊಲಗಳನ್ನು ವ್ಯಾಪಿಸಿತು. ಹೊಸ ಬೆಳೆಗೆ ಅಜ್ಜನ ಕಾಲದ ಗಾದೆಗಳಿರಲಿಲ್ಲ. ಆದರೂ ಕೆಲವೇ ದಶಕಗಳಲ್ಲಿ ರೈತರು ತಮ್ಮದೊಂದು ಪದ್ಧತಿಯನ್ನು ಕಂಡುಕೊಂಡರು: ಆರಿದ್ರಾ ಮೊದಲ್ಗೊಂಡು ಆಶ್ಲೇಷ ಮುಗಿಯುವ ತನಕ, ಎಂದರೆ ಜೂನ್ 22ರಿಂದ ಆಗಸ್ಟ್ 17ರವರೆಗೆ, ಹದ ಸಿಕ್ಕಾಗ ಶೇಂಗಾ ಬಿತ್ತುವುದು, ಅನಂತರ ಬಿತ್ತದಿರುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾನ್ಸೂನನ್ನು ಅಭ್ಯಸಿಸಿದ ಸುಲೋಚನಾ ಗಾಡ್ಗೀಳ್, ಅವರೊಡನೆ ಪಿ. ಆರ್. ಶೇಷಗಿರಿ ರಾವ್ ಮತ್ತು ಕೆ. ನರಹರಿ ರಾವ್ ಈ ಪದ್ಧತಿಯನ್ನು ಪರೀಕ್ಷೆಗೊಡ್ಡಿದರು. ರೈತರೊಂದಿಗೆ ಮಾತನಾಡಿ ಅವರ ಪ್ರಶ್ನೆಗಳನ್ನು ಗುರುತಿಸಿಕೊಂಡು, ಹಲವು ದಶಕಗಳ ನಿತ್ಯದ ಮಳೆಯ ದಾಖಲೆಯನ್ನು ಬೆಳೆಯ ಬೆಳವಣಿಗೆಯ ಗಣಿತಮಾದರಿಗೆ ಊಡಿಸಿ, ಯಾವ ದಿನ ಬಿತ್ತಿದ್ದರೆ ಯಾವ ವರ್ಷ ಎಷ್ಟು ಫಸಲು ಬರುತ್ತಿತ್ತೆಂದು ಗಣಕಯಂತ್ರದಲ್ಲಿ ಲೆಕ್ಕಹಾಕಿದರು. 2002ರಲ್ಲಿ ಪ್ರಕಟವಾದ ಅವರ ಲೇಖನದ ಫಲಿತಾಂಶ ಗಮನಾರ್ಹವಾದುದು: ಬೆಳೆ ಪೂರ್ತಿ ಕೈಕೊಡುವ ಅಪಾಯವನ್ನು ಕನಿಷ್ಠಗೊಳಿಸಲು ಅತ್ಯುತ್ತಮವಾದ ಅವಧಿ ರೈತರು ಬಳಸುತ್ತಿದ್ದ ಆ ಅವಧಿಯೇ.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಅಲ್ಲಿ ಹೆಚ್ಚಾಗಿ ಬೆಳೆಯುವ ಟಿಎಂವಿ-2 ತಳಿಯ ಆಯುಸ್ಸು ಮೂರೂವರೆ ತಿಂಗಳು. ಹೂಬಿಟ್ಟ ಮೇಲೆ ಸೂಜಿಯಂಥ ಮೊಳೆಗಳು ಮಣ್ಣಿಗಿಳಿಯುವಾಗಲೂ ಕಾಯಿ ತುಂಬುವಾಗಲೂ ಅದಕ್ಕೆ ತೇವ ಬೇಕೇ ಬೇಕು. ಜುಲೈನಲ್ಲಿ ಬಿತ್ತಿದರೆ ಕಾಯಿ ತುಂಬುವ ಕಾಲವು ಸೆಪ್ಟೆಂಬರ್–ಅಕ್ಟೋಬರ್‌ನ ಮುಖ್ಯಮಳೆಗೆ ಹೊಂದಿಕೊಳ್ಳುತ್ತದೆ. ಆಗಸ್ಟ್ ಕೊನೆಗೆ ಬಿತ್ತಿದರೆ ಆ ಹಂತವು ನವೆಂಬರಿಗೆ ಜಾರಿ, ಮಳೆ ಹಿಂದೆ ಸರಿದ ಒಣನೆಲದಲ್ಲಿ ಕಾಯಿ ಜೊಳ್ಳಾಗುತ್ತದೆ.

ಸರಾಸರಿ ಲಾಭವು ಯಾರಿಗೆ?

ಹಾಗಾದರೆ ರೈತನ ಲೆಕ್ಕವು ಅಧಿಕಾರಿಯ ಅಥವಾ ಪಂಡಿತನ ಲೆಕ್ಕಕ್ಕೆ ಏಕೆ ಅನೇಕವೇಳೆ ಹೊಂದುವುದಿಲ್ಲ? ಒಂದು ಊಹೆಯ ಉದಾಹರಣೆಯಿಂದ ನೋಡೋಣ. ಅಂಕಿಗಳು ಕಲ್ಪಿತವಾದವು, ತರ್ಕ ಮಾತ್ರ ನಿಜವಾದುದು.

ಒಂದು ಸಂಸಾರಕ್ಕೆ ಒಂದು ತುಂಡು ಖುಷ್ಕಿ ಜಮೀನಿದೆ. ಹತ್ತು ವರ್ಷಗಳಲ್ಲಿ ಏಳು ಒಳ್ಳೆಯ ವರ್ಷ, ಮೂರು ಕೆಟ್ಟ ವರ್ಷ ಎಂದಿಟ್ಟುಕೊಳ್ಳೋಣ. ಒಂದೇ ನಗದು ಬೆಳೆಯನ್ನಿಟ್ಟರೆ ಒಳ್ಳೆಯ ವರ್ಷ 30 ಸಾವಿರ ರೂಪಾಯಿ ಉಳಿಯುತ್ತದೆ. ಕೆಟ್ಟ ವರ್ಷ 12 ಸಾವಿರ ನಷ್ಟ. ಮಿಶ್ರಬೆಳೆಯಿಟ್ಟರೆ ಒಳ್ಳೆಯ ವರ್ಷ 16 ಸಾವಿರ. ಕೆಟ್ಟ ವರ್ಷವೂ ಒಂದು ಸಾವಿರ ಉಳಿಯುತ್ತದೆ. ಸರಾಸರಿ ತೆಗೆದರೆ ನಗದು ಬೆಳೆಗೆ ವರ್ಷಕ್ಕೆ 17,400 ರೂಪಾಯಿ, ಮಿಶ್ರಬೆಳೆಗೆ 11,500 ರೂಪಾಯಿ. ಪಂಡಿತನು ‘ನಗದು ಬೆಳೆಯೇ ಮೇಲು’ ಎಂದು ತೀರ್ಪುಕೊಡುತ್ತಾನೆ.

ಈಗ ಲೆಕ್ಕಕ್ಕೆ ಮನೆಯನ್ನು ಸೇರಿಸೋಣ. ಆ ಸಂಸಾರಕ್ಕೆ ಉಣ್ಣಲು ಉಡಲು ವರ್ಷಕ್ಕೆ ಹೊಲದಿಂದ 10 ಸಾವಿರ ಬೇಕು, ಕೈಯಲ್ಲಿ ಉಳಿತಾಯವಿಲ್ಲ, ಸಾಲಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಎಂದರೆ ವರ್ಷಕ್ಕೆ 36 ರೂಪಾಯಿ ಬಡ್ಡಿ. ಮೊದಲನೆಯ ವರ್ಷವೇ ಕೆಟ್ಟಿತೆನ್ನಿ. ನಗದು ಬೆಳೆಯಿಟ್ಟವನಿಗೆ ಹೊಲದ ನಷ್ಟ 12, ಮನೆಯ ಖರ್ಚು 10, ಒಟ್ಟು 22 ಸಾವಿರ ಸಾಲ. ಮರುವರ್ಷಕ್ಕೆ ಅದು ಬಡ್ಡಿ ಸೇರಿ ಹೆಚ್ಚುಕಡಮೆ 30 ಸಾವಿರ. ಎರಡನೆಯ ವರ್ಷ ಸೊಗಸಾಗಿ ಬೆಳೆಯಾಯಿತೆಂದೇ ಇಟ್ಟುಕೊಳ್ಳಿ. ಬಂದ 30 ಸಾವಿರವೂ ಸಾಹುಕಾರನಿಗೆ ಸಂದು, ಮನೆಯ ಖರ್ಚಿಗೆ ಮತ್ತೆ ಸಾಲ! ಎರಡನೆಯ ವರ್ಷವೂ ಕೆಟ್ಟರೆ? ಸಾಲವು 52 ಸಾವಿರಕ್ಕೆ ಏರುತ್ತದೆ. ಮಿಶ್ರಬೆಳೆಯವನೂ ಈ ಎರಡು ಬರಗಳಲ್ಲಿ ಸಾಲಗಾರನಾಗುತ್ತಾನೆ. ಆದರೆ ಅವನ ಸಾಲ 21 ಸಾವಿರಕ್ಕೆ ನಿಲ್ಲುತ್ತದೆ. ಒಬ್ಬನು ಎತ್ತು ಮಾರಿ ಪಾರಾಗಬಹುದು. ಇನ್ನೊಬ್ಬನು ಹೊಲವನ್ನೇ ಬರೆದುಕೊಡಬೇಕಾದೀತು.

ಎರಡು ಕೆಟ್ಟ ವರ್ಷಗಳು ಒಂದರ ಹಿಂದೊಂದು ಬರುವ ಸಂಭವ, ಅವು ಪರಸ್ಪರ ಸಂಬಂಧವಿಲ್ಲದವೆಂದು ಭಾವಿಸಿದರೆ, ನೂರರಲ್ಲಿ 9. ಮೊದಲ ಮೂರು ವರ್ಷಗಳಲ್ಲಿ ಒಂದಾದರೂ ಕೆಟ್ಟ ವರ್ಷ ಬರುವ ಸಂಭವ ನೂರರಲ್ಲಿ ಸುಮಾರು 66. ಸರಾಸರಿಗೆ ವರ್ಷಗಳ ಕ್ರಮ ಮುಖ್ಯವಲ್ಲ. ಮೂರು ಬರಗಳು ಮೊದಲೇ ಬರಲಿ, ಕೊನೆಗೇ ಬರಲಿ, ಮೊತ್ತ ಒಂದೇ. ಆದರೆ ಬಡ್ಡಿಗೆ ಕ್ರಮವೇ ಮುಖ್ಯ. ಸರಾಸರಿಯ ಲಾಭವು ಸರಾಸರಿ ಬರುವ ತನಕ ಕಾಯಬಲ್ಲವನಿಗೆ ಮಾತ್ರ ಸಲ್ಲುತ್ತದೆ. ಆದುದರಿಂದ ಪಂಡಿತನೂ ರೈತನೂ ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತಿಲ್ಲ. ಅವರು ಕೇಳಿಕೊಂಡ ಪ್ರಶ್ನೆಗಳೇ ಬೇರೆ. ಒಬ್ಬನದು ‘ಹೆಚ್ಚು ಗಳಿಕೆ ಯಾವುದರಿಂದ?’ ಎಂಬುದು, ಇನ್ನೊಬ್ಬನದು ‘ಯಾವುದರಿಂದ ಮನೆ ಉಳಿದೀತು?’ ಎಂಬುದು.

ನಾಣ್ಯದ ಆಟ

ರೈತನು ಸ್ವಭಾವತಃ ಅಂಜುಬುರುಕನೇ? ಇದನ್ನು ಮಾತಿನಿಂದ ಕೇಳುವ ಬದಲು ಪ್ರಯೋಗದಿಂದ ಅಳೆಯಲು ಹೊರಟವರು ಹಾನ್ಸ್ ಬಿನ್ಸ್‌ವಾಂಗರ್ ಎಂಬ ಅರ್ಥಶಾಸ್ತ್ರಜ್ಞರು. ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ದಖ್ಖನಿನ ಕೆಲವು ಹಳ್ಳಿಗಳನ್ನು ಆರಿಸಿಕೊಂಡು ಅಲ್ಲಿಯ ಮನೆಗಳ ಆಯವ್ಯಯವನ್ನು ವರ್ಷ ವರ್ಷವೂ ಬರೆದಿಡುತ್ತಿತ್ತು. ಅಂಥ ಹಳ್ಳಿಗಳಲ್ಲಿ ಬಿನ್ಸ್‌ವಾಂಗರ್ ನಿಜವಾದ ಹಣವನ್ನಿಟ್ಟು ಆಟವಾಡಿಸಿದರು.

ಆಟದ ನಿಯಮ ಸುಲಭ. ಹಲವು ಜೋಡಿಗಳಲ್ಲಿ ಒಂದನ್ನು ಆರಿಸಬೇಕು. ಅನಂತರ ನಾಣ್ಯ ಚಿಮ್ಮಲಾಗುವುದು. ಮೊದಲನೆಯ ಜೋಡಿಯಲ್ಲಿ ನಾಣ್ಯ ಹೇಗೆ ಬಿದ್ದರೂ 50 ರೂಪಾಯಿ. ಇನ್ನೊಂದರಲ್ಲಿ ಒಂದು ಮುಖ ಬಿದ್ದರೆ 40, ಇನ್ನೊಂದು ಬಿದ್ದರೆ 120. ಮತ್ತೊಂದರಲ್ಲಿ 30 ಅಥವಾ 150. ಕೊನೆಯದರಲ್ಲಿ ಸೊನ್ನೆ ಅಥವಾ 200. ಇವುಗಳ ಸರಾಸರಿ ಕ್ರಮವಾಗಿ 50, 80, 90, 100. ಸರಾಸರಿ ಏರಿದಂತೆಲ್ಲ ಬರಿಗೈಯಲ್ಲಿ ಹೋಗುವ ಭಯವೂ ಏರುತ್ತದೆ. ಮೊದಲು ಚಿಲ್ಲರೆ ಕಾಸಿನಿಂದ ಆಡಿಸಿ, ಕ್ರಮೇಣ ಪಣವನ್ನು ಹೆಚ್ಚಿಸಿ, ಕೊನೆಗೆ ಅಂದಿನ ಕೂಲಿಗೆ ಹೋಲಿಸಿದರೆ ದೊಡ್ಡದೆನ್ನಬಹುದಾದ ಮೊತ್ತಕ್ಕೆ ತರಲಾಯಿತು.

1980ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಪಣ ಸಣ್ಣದಾಗಿದ್ದಾಗ ಜನರ ಆಯ್ಕೆಗಳು ಬಗೆಬಗೆಯಾಗಿದ್ದವು, ಪಣ ದೊಡ್ಡದಾದಂತೆ ಬಹುಮಂದಿ ನಡುವಿನ ಜೋಡಿಗಳಿಗೆ ಬಂದು ನಿಂತರು. ಪೂರ್ತಿ ಅಂಜಿದವರೂ ಕಡಮೆ, ಪೂರ್ತಿ ಜೂಜಿಗಿಳಿದವರೂ ಕಡಮೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಸಿರಿವಂತ ರೈತರಿಗೂ ಬಡರೈತರಿಗೂ ಈ ಆಟದಲ್ಲಿ ಹೆಚ್ಚು ವ್ಯತ್ಯಾಸ ಕಂಡುಬರಲಿಲ್ಲ. ಹೊಲದಲ್ಲಿ ಅವರ ನಡವಳಿಕೆ ಬೇರೆಯಾಗಿದ್ದರೆ ಅದಕ್ಕೆ ಕಾರಣ ಮನೋಧರ್ಮವಲ್ಲ. ಸಾಲ ಯಾವ ಬಡ್ಡಿಗೆ ಹುಟ್ಟುತ್ತದೆ, ಕಷ್ಟಕಾಲಕ್ಕೆ ಮಾರಲು ಏನಿದೆ, ಬೀಜಗೊಬ್ಬರ ಸಕಾಲಕ್ಕೆ ದೊರೆಯುತ್ತದೆಯೇ ಎಂಬ ಪರಿಸ್ಥಿತಿಗಳು. ಬಡವನಿಗೆ ಧೈರ್ಯ ಕಡಮೆಯಲ್ಲ. ತಪ್ಪುಮಾಡುವ ಅವಕಾಶ ಕಡಮೆ.

1993ರಲ್ಲಿ ಅದೇ ಹಳ್ಳಿಗಳ ದಾಖಲೆಗಳನ್ನು ಆಧರಿಸಿ ಮಾರ್ಕ್ ರೋಸೆನ್‌ಸ್ವೈಗ್ ಮತ್ತು ಬಿನ್ಸ್‌ವಾಂಗರ್ ಇನ್ನೊಂದು ಸತ್ಯವನ್ನು ತೋರಿಸಿದರು. ಮಳೆಯ ಆಗಮನ ಹೆಚ್ಚು ಅನಿಶ್ಚಿತವಾದಲ್ಲಿ ಬಡರೈತರು ಅಪಾಯವೂ ಲಾಭವೂ ಕಡಮೆಯಿರುವ ದಾರಿಗಳನ್ನು ಹಿಡಿಯುತ್ತಾರೆ. ಸ್ಥಿತಿವಂತರು ಅಷ್ಟಾಗಿ ಬದಲಾಗುವುದಿಲ್ಲ. ಎಂದರೆ ಬರವು ಬಾರದ ವರ್ಷದಲ್ಲಿಯೂ ಬರದ ಭಯವು ಬಡವನಿಂದ ತೆರಿಗೆ ಎತ್ತುತ್ತಿರುತ್ತದೆ.

ನೆನಪು ಎಲ್ಲಿ ಮೋಸಮಾಡುತ್ತದೆ?

ರೈತನ ಅಂದಾಜು ಸದಾ ಸರಿಯೆಂದು ಇದರಿಂದ ತಿಳಿಯಬಾರದು. ಯಾವುದು ಥಟ್ಟನೆ ನೆನಪಿಗೆ ಬರುತ್ತದೆಯೋ ಅದೇ ಹೆಚ್ಚು ಸಲ ನಡೆಯುತ್ತದೆಂದು ಭಾವಿಸುವುದು ಮನುಷ್ಯನ ಸ್ವಭಾವವೆಂದು ಏಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನಮನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ತೋರಿಸಿದರು. ಅದೇ ಮೊತ್ತದ ಲಾಭದ ಸುಖಕ್ಕಿಂತ ನಷ್ಟದ ನೋವು ದೊಡ್ಡದೆಂಬುದನ್ನು 1979ರಲ್ಲಿ ಪ್ರತಿಪಾದಿಸಿದರು. ಎತ್ತುಗಳನ್ನು ಸಂತೆಗೆ ಹೊಡೆದ ವರ್ಷವನ್ನು ಯಾರು ಮರೆತಾರು? ಸಾಧಾರಣವಾಗಿ ಬೆಳೆಬಂದ ವರ್ಷವನ್ನು ಯಾರು ನೆನೆದಾರು? ಕೀನ್ಯಾದ ಒಣಸೀಮೆಯ ರೈತರನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರು ಕೆಟ್ಟ ಋತುಗಳ ಸಂಖ್ಯೆಯನ್ನು ದಾಖಲೆಗಿಂತ ಹೆಚ್ಚಾಗಿ ಎಣಿಸುತ್ತಿದ್ದುದು ಕಂಡುಬಂದಿತು.

ಇನ್ನೊಂದು ಬಗೆಯ ತಪ್ಪು ಹೆಚ್ಚು ಸೂಕ್ಷ್ಮವಾದುದು. ಉತ್ತರ ಇಥಿಯೋಪಿಯದ ರೈತರು ಮಳೆ ಕಡಮೆಯಾಗುತ್ತ ಬಂದಿದೆಯೆಂದು ಹೇಳುತ್ತಿದ್ದರೂ ಮಳೆಮಾಪಕಗಳು ಅದನ್ನು ಸಮರ್ಥಿಸಲಿಲ್ಲವೆಂದು 2004ರ ಅಧ್ಯಯನವೊಂದು ತಿಳಿಸಿತು. ಹಾಗಾದರೆ ಅವರ ಮಾತು ಸುಳ್ಳೇ? ಅಲ್ಲ. ಜನ ಹೆಚ್ಚಿ, ಮಣ್ಣು ಸವೆದು, ಬೆಳೆ ಬದಲಾಗಿ ನೀರಿನ ಬೇಡಿಕೆ ಏರಿದರೆ, ಅಷ್ಟೇ ಮಳೆಯೂ ಸಾಲದಾಗುತ್ತದೆ. ನಮ್ಮಲ್ಲಿಯೂ ಕೊಳವೆಬಾವಿ ಬತ್ತಿದುದಕ್ಕೆ ಮಳೆಯೊಂದನ್ನೇ ದೂರುವುದುಂಟು. ರೈತನು ಅಳೆಯುವುದು ಆಕಾಶದಿಂದ ಬಿದ್ದ ನೀರನ್ನಲ್ಲ, ಬೇರಿಗೆ ದಕ್ಕಿದ ನೀರನ್ನು. ಅವನ ಅಳತೆ ಸರಿಯಾಗಿದ್ದು ಕಾರಣ ಮಾತ್ರ ತಪ್ಪಾಗಿರಬಹುದು. ಕಾರಣ ತಪ್ಪಾದರೆ ಮದ್ದೂ ತಪ್ಪಾಗುತ್ತದೆ.

ಆದರೂ ಅವಶ್ಯಕತೆಯು ಬುದ್ಧಿಯನ್ನು ಹರಿತಗೊಳಿಸುತ್ತದೆ. ಮಹಬೂಬನಗರ ಮತ್ತು ಅನಂತಪುರ ಜಿಲ್ಲೆಗಳ ರೈತರು ಮುಂಗಾರಿನ ಆಗಮನವನ್ನು ಎಷ್ಟು ಸರಿಯಾಗಿ ಅಂದಾಜಿಸುತ್ತಾರೆಂದು ಕ್ಸೇವಿಯರ್ ಗಿನೆ, ರಾಬರ್ಟ್ ಟೌನ್‌ಸೆಂಡ್, ಜೇಮ್ಸ್ ವಿಕರಿ ಎಂಬವರು ಅಭ್ಯಾಸಮಾಡಿದರು. ಯಾರ ಬಾಳು ಮಳೆಯ ಮೇಲೆಯೇ ಹೆಚ್ಚಾಗಿ ನಿಂತಿದೆಯೋ ಅವರ ಅಂದಾಜೇ ದಾಖಲೆಗೆ ಹೆಚ್ಚು ಸಮೀಪವಾಗಿತ್ತು. ಮಳೆ ತಡವಾದೀತೆಂದು ನಂಬಿದವರು ತಡವಾಗಿ ಬಿತ್ತಿದರು; ಅವರಿಗೆ ಮರುಬಿತ್ತನೆಯ ಗತಿ ಕಡಮೆ ಬಂದಿತು.

ಅಪಾಯವನ್ನು ಹಂಚುವ ಉಪಾಯಗಳು

ಅಕ್ಕಡಿ ಬೇಸಾಯವನ್ನು ಕಂಡವರಿಗೆ ಗೊತ್ತು: ರಾಗಿಯ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳದ ಸಾಲುಗಳು. ಒಂದೊಂದರ ಆಯುಸ್ಸೂ ಬೇರಿನ ಆಳವೂ ಬೇರೆ. ಆಗಸ್ಟ್‌ನ ಬಿಸಿಲು ಒಂದನ್ನು ಬಾಡಿಸಿದರೆ ಅಕ್ಟೋಬರಿನ ಮಳೆ ಇನ್ನೊಂದನ್ನು ಎತ್ತುತ್ತದೆ. ಎಲ್ಲವೂ ಒಟ್ಟಿಗೆ ಗೆಲ್ಲುವುದು ಅಪರೂಪ. ಎಲ್ಲವೂ ಒಟ್ಟಿಗೆ ಸೋಲುವುದೂ ಅಪರೂಪ. ರಾಗಿಯು ಹುಳುಹಿಡಿಯದೆ ವರ್ಷಗಟ್ಟಲೆ ಉಳಿಯುವುದರಿಂದ ನೆಲದೊಳಗಿನ ಹಗೇವು ಒಳ್ಳೆಯ ವರ್ಷದ ಮಳೆಯನ್ನು ಕೆಟ್ಟ ವರ್ಷಕ್ಕೆ ಸಾಗಿಸುವ ಬ್ಯಾಂಕಾಗಿತ್ತು.

ವಿಜಯಪುರದ ಎರೆಮಣ್ಣಿನ ರೈತನ ಉಪಾಯವೇ ಬೇರೆ. ಆ ಮಣ್ಣು ನೀರನ್ನು ಆಳದಲ್ಲಿ ಹಿಡಿದಿಡಬಲ್ಲುದು. ಮಳೆಗಾಲವೆಲ್ಲ ಹೊಲವನ್ನು ಹದಮಾಡಿ, ತೇವ ತುಂಬಿದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಾಲದಂಡಿ ಜೋಳವನ್ನು ಬಿತ್ತುತ್ತಾನೆ. ಕೆಮ್ಮಣ್ಣಿನವನು ಬರಲಿರುವ ಮಳೆಯನ್ನು ನಂಬಿ ಬಿತ್ತಿದರೆ, ಎರೆಯವನು ಬಂದು ಹೋದ ಮಳೆಯ ಲೆಕ್ಕ ನೋಡಿ ಬಿತ್ತುತ್ತಾನೆ. ನಿರ್ಧಾರವನ್ನು ತಡಮಾಡಲು ಸಾಧ್ಯವಾಗುವುದೂ ಒಂದು ಸಂಪತ್ತೇ.

ಮಳೆಗೆ ವಿಮೆಯಿಳಿಸುವ ವಿಚಾರವಂತೂ ಮೈಸೂರಿಗೆ ಹಳೆಯದು. ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೆಳೆಯ ನಷ್ಟವನ್ನು ಹೊಲ ಹೊಲಕ್ಕೂ ಹೋಗಿ ಅಳೆಯುವ ಬದಲು ಮಳೆಮಾಪಕದ ಅಂಕಿಯನ್ನೇ ಆಧಾರವಾಗಿಟ್ಟು ಪರಿಹಾರ ಕೊಡುವ ಯೋಜನೆಯನ್ನು ಮಂಡಿಸಿದ್ದರು. ಸುಮಾರು ಒಂಬತ್ತು ದಶಕಗಳ ಮೇಲೆ, 2007ರ ಮುಂಗಾರಿನಲ್ಲಿ, ಹವಾಮಾನಾಧಾರಿತ ಬೆಳೆವಿಮೆಯು ಪ್ರಾಯೋಗಿಕವಾಗಿ ಆರಂಭವಾದುದು ಕರ್ನಾಟಕದಲ್ಲಿಯೇ. ಈ ಪದ್ಧತಿಯ ಗುಣವೂ ದೋಷವೂ ಒಂದೇ ಕಡೆಯಿವೆ: ಮಾಪಕವು ಸುಳ್ಳು ಹೇಳದು, ಆದರೆ ಅದು ಇರುವುದು ಕೆಲವು ಮೈಲಿ ದೂರದಲ್ಲಿ. ಮಾಪಕದ ಮೇಲೆ ಮಳೆ ಬಿದ್ದು ಹೊಲದ ಮೇಲೆ ಬೀಳದಿದ್ದರೆ ಬೆಳೆಯೂ ಇಲ್ಲ, ಪರಿಹಾರವೂ ಇಲ್ಲ.

ಮುನ್ಸೂಚನೆಯ ಬೆಲೆ

ಮಳೆ ಹೇಗಾಗುವುದೆಂದು ಮೊದಲೇ ತಿಳಿದರೆ ಈ ತೊಡಕೆಲ್ಲ ಕಳೆಯದೇ? ಎಲ್‌ನಿನೊ ಎಂದು ಹೆಸರಾದ, ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನವು ನಮ್ಮ ಬರಗಳೊಡನೆ ಅನೇಕ ಸಲ ಜೊತೆಗೂಡಿದೆ. ಆದರೆ 1997ರಲ್ಲಿ ಅತ್ಯಂತ ಪ್ರಬಲವಾದ ಎಲ್‌ನಿನೊ ಇದ್ದರೂ ದೇಶದ ಮಳೆ ವಾಡಿಕೆಗಿಂತ ಸ್ವಲ್ಪ ಹೆಚ್ಚೇ ಆಯಿತು. 2002ರಲ್ಲಿ ಸಾಧಾರಣ ಮಳೆಯ ಮುನ್ಸೂಚನೆಯಿತ್ತು. ಜುಲೈನಲ್ಲಿ ವಾಡಿಕೆಯ ಸುಮಾರು ಅರ್ಧದಷ್ಟೇ ಮಳೆಯಾಗಿ ದೇಶವು ಬರಕ್ಕೆ ತುತ್ತಾಯಿತು. ಇದರಿಂದ ಮುನ್ಸೂಚನೆ ನಿರರ್ಥಕವೆಂದು ತಿಳಿಯಬಾರದು. ಅದು ಭವಿಷ್ಯವಾಣಿಯಲ್ಲ, ಸಂಭಾವ್ಯತೆಯ ಹೇಳಿಕೆ ಎಂದು ತಿಳಿಯಬೇಕು. ‘ಕೊರತೆಯ ಸಂಭವ ನೂರರಲ್ಲಿ 30ರಿಂದ 50ಕ್ಕೆ ಏರಿದೆ’ ಎಂಬ ಮಾತು ಮಳೆ ಬಂದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಸಾಲವನ್ನು ಎಷ್ಟು ಎತ್ತಬೇಕೆಂದು ಯೋಚಿಸುವವನಿಗೆ ಅದು ಬಹು ಉಪಯುಕ್ತ.

2022ರಲ್ಲಿ ತೆಲಂಗಾಣದ 250 ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವು ಹಳ್ಳಿಗಳ ರೈತರಿಗೆ ಮುಂಗಾರಿನ ಆಗಮನದ ಮುನ್ಸೂಚನೆಯನ್ನು ಬಹಳ ಮೊದಲೇ ಒದಗಿಸಲಾಯಿತು. ತಾವು ನಿರೀಕ್ಷಿಸಿದ್ದಕ್ಕಿಂತ ಕೆಟ್ಟ ಸುದ್ದಿ ಕೇಳಿದವರು ಬೇಸಾಯದ ವಿಸ್ತೀರ್ಣವನ್ನೂ ಖರ್ಚನ್ನೂ ಕುಗ್ಗಿಸಿದರು. ಒಳ್ಳೆಯ ಸುದ್ದಿ ಕೇಳಿದವರು ಹಿಗ್ಗಿಸಿದರು. ನಂಬಬಹುದಾದ ಮಾತು ಸಕಾಲಕ್ಕೆ ಬಂದರೆ ರೈತನು ರೂಢಿಗೆ ಕಟ್ಟುಬಿದ್ದು ಕುಳಿತಿರುವುದಿಲ್ಲ.

ಇದು ಈಗ ಹೆಚ್ಚು ಅಗತ್ಯವೂ ಹೌದು. ಭೂಮಿ ಬಿಸಿಯೇರುತ್ತಿರುವುದರಿಂದ ಹಿಂದಿನ ಮೂವತ್ತು ವರ್ಷಗಳು ಮುಂದಿನ ಮೂವತ್ತು ವರ್ಷಗಳ ಕನ್ನಡಿಯಾಗಲಾರವು. ಮಧ್ಯಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾದುವೆಂದು ಪುಣೆಯ ವಿಜ್ಞಾನಿಗಳು 2017ರಲ್ಲಿ ವರದಿಮಾಡಿದ್ದಾರೆ. ನೆನಪು ನಿಧಾನವಾಗಿ ಕಲಿಯುತ್ತದೆ. ವಾಯುಗುಣವು ಅದಕ್ಕಿಂತ ಬೇಗ ಬದಲಾದರೆ, ಅನುಭವವಂತನೂ ಅನನುಭವಿಯಾಗುತ್ತಾನೆ. ಅಲ್ಲಿ ಮಾಪಕದ ದಾಖಲೆಯೂ ಹೊಲದ ಬುದ್ಧಿಯೂ ಒಂದನ್ನೊಂದು ತಿದ್ದಬೇಕು.

ಮಾಡಿ ನೋಡಿ

ವಿದ್ಯಾರ್ಥಿಗಳು ಎರಡು ಕೆಲಸಗಳನ್ನು ಮಾಡಬಹುದು. ಮೊದಲನೆಯದು: ಹತ್ತು ಚೀಟಿಗಳಲ್ಲಿ ಮೂರಕ್ಕೆ ‘ಬರ’ ಎಂದೂ ಏಳಕ್ಕೆ ‘ಬೆಳೆ’ ಎಂದೂ ಬರೆದು, ಒಂದೊಂದು ಚೀಟಿಯೆತ್ತಿ ಮತ್ತೆ ಹಾಕುತ್ತ, ಮೇಲಿನ ಸಂಸಾರದ ಹತ್ತು ವರ್ಷಗಳ ಆಯವ್ಯಯವನ್ನು ಎರಡು ಬಗೆಯ ಬೆಳೆಗೂ ಬರೆಯಿರಿ. ಇದನ್ನು ಇಪ್ಪತ್ತು ಸಲ ಮಾಡಿ, ಎಷ್ಟು ಸಲ ಸಾಲ 50 ಸಾವಿರವನ್ನು ದಾಟಿತೆಂದು ಎಣಿಸಿರಿ. ಎರಡನೆಯದು: ನಿಮ್ಮ ಊರಿನ ಹಿರಿಯ ರೈತರೊಬ್ಬರನ್ನು, ಕಳೆದ ಇಪ್ಪತ್ತು ವರ್ಷಗಳಲ್ಲಿ ಬರ ಎಷ್ಟು ಸಲ ಬಂದಿತೆಂದು ಕೇಳಿ ಬರೆದುಕೊಂಡು, ತಾಲ್ಲೂಕಿನ ಮಳೆಯ ದಾಖಲೆಯೊಡನೆ ಹೋಲಿಸಿರಿ. ಎರಡೂ ಹೊಂದದಿದ್ದಲ್ಲಿ ಅವರು ತಪ್ಪಿದರೆಂದು ಥಟ್ಟನೆ ತೀರ್ಮಾನಿಸದೆ, ಆ ವರ್ಷ ಹೊಲದಲ್ಲಿ ಏನಿತ್ತು, ಮಳೆ ಯಾವ ವಾರದಲ್ಲಿ ಬಂದಿತು, ಸಾಲವೆಷ್ಟಿತ್ತು ಎಂದು ಮತ್ತೊಮ್ಮೆ ಕೇಳಿರಿ.

ಪಾವಗಡದ ಆ ರೈತನು ಇನ್ನೂ ಹೊಲದ ಬದುವಿನ ಮೇಲೆ ನಿಂತಿದ್ದಾನೆ. ಅವನು ಬಿತ್ತಿದರೂ ಬಿತ್ತದಿದ್ದರೂ ಫಲವು ಅವನ ಕೈಯಲ್ಲಿಲ್ಲ. ನಿರ್ಧಾರ ಒಳ್ಳೆಯದಾಗಿದ್ದು ಫಲ ಕೆಟ್ಟದಾಗಬಹುದು. ನಿರ್ಧಾರ ಕೆಟ್ಟದಾಗಿದ್ದು ಫಲ ಒಳ್ಳೆಯದಾಗಲೂಬಹುದು. ಫಲವೊಂದನ್ನೇ ನೋಡಿ ಬುದ್ಧಿಯನ್ನು ಅಳೆಯಬಾರದೆಂಬುದು ಸಂಭಾವ್ಯತೆಯ ಗಣಿತವು ಕಲಿಸುವ ಮೊದಲ ಪಾಠ. ಒಂದು ಕೆಟ್ಟ ಫಲದಿಂದ ಒಂದು ಸಂಸಾರವು ಮುಳುಗದಂತೆ ನೋಡಿಕೊಳ್ಳುವುದು ಮಾತ್ರ ಗಣಿತದ ಕೆಲಸವಲ್ಲ. ಅದು ಸಮಾಜದ ಕೆಲಸ.